ಕೆರೆಯಲ್ಲಿ ಜೆಟ್ ಸ್ಕೀ, ಸ್ಪೀಡ್ ಬೋಟು: ಕಾಗದದ ಮೇಲಿನ ವೇಗ ಎಷ್ಟು, ನೀರಿನ ಮೇಲಿನ ವೇಗ ಎಷ್ಟು?

ಕೆರೆದಂಡೆ (ಚಿಕ್ಕಬಳ್ಳಾಪುರ)

ನಮ್ಮ ತಾಲ್ಲೂಕಿನ ಒಂದು ಕೆರೆಯಲ್ಲಿ ದೋಣಿವಿಹಾರ ಶುರು ಮಾಡುವ ಮಾತುಕತೆ ನಡೆದಿದೆ. ಮೂರು ಕೊಟೇಶನ್ ಬಂದಿವೆ. ಮೊದಲನೆಯದು 60 ಎಚ್‌ಪಿ ಸೀ-ಡೂ ಸ್ಪಾರ್ಕ್ ಎಂಬ ಸಣ್ಣ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್), ವೇಗ ಗಂಟೆಗೆ 80 ಕಿ.ಮೀ. ಎಂದು ಬರೆದಿದ್ದಾರೆ. ಎರಡನೆಯದು 300 ಎಚ್‌ಪಿ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಇರುವ ಜೆಟ್ ಸ್ಕೀ, 124 ಕಿ.ಮೀ. ಮೂರನೆಯದು 16 ಅಡಿ ಫೈಬರ್ ಬೋಟು, 40 ಎಚ್‌ಪಿ ಔಟ್‌ಬೋರ್ಡ್ (ಬೋಟಿನ ಹಿಂಗೋಡೆಗೆ ಸಿಕ್ಕಿಸುವ ಎಂಜಿನ್), ಆರು ಜನ ಕೂತು 60 ಕಿ.ಮೀ.

ಕೆರೆ ತುಂಬಿದಾಗ ಏರಿಯಿಂದ ಹಿನ್ನೀರಿನ ತುದಿಗೆ 1.2 ಕಿ.ಮೀ., ಅಗಲ 600 ಮೀ. ತೂಬಿನ ಹತ್ತಿರ 5 ಮೀ. ಆಳ, ಮಿಕ್ಕ ಕಡೆಯೆಲ್ಲ 2 ಮೀ. ಆಸುಪಾಸು. ಈ ಮೂರು ಅಂಕಿಗಳಲ್ಲಿ ಯಾವುದನ್ನು ನಂಬಬಹುದು? ಗೊತ್ತಿರುವವರು ಲೆಕ್ಕ ಸಮೇತ ಹೇಳಿ.

ಲೆಕ್ಕದ ಮೇಷ್ಟ್ರು (ತುಮಕೂರು)

ಮೂರನ್ನೂ ನಂಬಬೇಡಿ. 124 ಎಲ್ಲಿಂದ ಬಂತು ಅಂತ ಮೊದಲು ಹೇಳಿಬಿಡುತ್ತೇನೆ, ತಮಾಷೆಯಾಗಿದೆ. 300 ಎಚ್‌ಪಿ ಮಟ್ಟದ ಜೆಟ್ ಸ್ಕೀಗಳ ಗರಿಷ್ಠ ವೇಗ ಸುಮಾರು 67 ಎಂದು ಎಲ್ಲ ಕಡೆ ಬರೆದಿರುತ್ತದೆ. ಅದು ಮೈಲಿ ಲೆಕ್ಕ. ಮೈಲಿಯನ್ನು 1.609ರಿಂದ ಗುಣಿಸಬೇಕು, 108 ಕಿ.ಮೀ. ಬರುತ್ತದೆ. ನಿಮ್ಮ ಕೊಟೇಶನ್‌ನವರು ಅದನ್ನು ನಾಟ್ (ಹಡಗಿನವರ ವೇಗದ ಅಳತೆ) ಅಂದುಕೊಂಡು 1.852ರಿಂದ ಗುಣಿಸಿದ್ದಾರೆ. 67 × 1.852 = 124. ಬೇಕಾದರೆ ಕ್ಯಾಲ್ಕುಲೇಟರ್ ಒತ್ತಿ ನೋಡಿ.

ಆ 67 ಮೈಲಿ ಕೂಡ ಎಂಜಿನ್ನಿನ ತಾಕತ್ತಿನ ಕೊನೆ ಅಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ ಜೊತೆ ತಯಾರಕರು ಮಾಡಿಕೊಂಡ ಒಡಂಬಡಿಕೆಯಿಂದಾಗಿ ಇಸಿಯು (ಎಂಜಿನ್ನಿನ ಕಂಪ್ಯೂಟರ್) 65ರಿಂದ 67 ಮೈಲಿಯ ಹತ್ತಿರ ಕಡಿವಾಣ ಹಾಕುತ್ತದೆ. ಅದಕ್ಕೇ ಸೀ-ಡೂ, ಯಮಹಾ, ಕವಾಸಾಕಿ ಮೂರೂ ಕಂಪನಿಯ ದೊಡ್ಡ ಮಾಡೆಲ್‌ಗಳು ಹೆಚ್ಚೂಕಡಿಮೆ ಒಂದೇ ವೇಗಕ್ಕೆ ಬಂದು ನಿಲ್ಲುತ್ತವೆ. (ಅಂದಹಾಗೆ ‘ಜೆಟ್ ಸ್ಕೀ’ ಕವಾಸಾಕಿಯ ಟ್ರೇಡ್‌ಮಾರ್ಕ್. 1973ರಲ್ಲಿ ಅವರು ಬಿಟ್ಟ ಗಾಡಿಯ ಹೆಸರು ಈಗ ಎಲ್ಲಕ್ಕೂ ಅಂಟಿಕೊಂಡಿದೆ, ವನಸ್ಪತಿಗೆಲ್ಲ ಡಾಲ್ಡಾ ಅಂದಹಾಗೆ.)

60 ಎಚ್‌ಪಿ ಸ್ಪಾರ್ಕ್, ಒಬ್ಬರೇ ಕೂತರೆ, 65 ಕಿ.ಮೀ. ಆಸುಪಾಸು. 80 ಎನ್ನುವುದು ಅದೇ ಗಾಡಿಯ 90 ಎಚ್‌ಪಿ ಮಾದರಿಯ ಅಂಕಿ.

ಔಟ್‌ಬೋರ್ಡ್ 40

ಮೂರನೇ ಕೊಟೇಶನ್‌ಗೆ ನಾನು ಹೇಳುತ್ತೇನೆ. ತೇಲುತ್ತಲೇ ಹೋಗುವ ಬೋಟು ಬೇರೆ, ಮೇಲೆದ್ದು ಜಾರುವ ಬೋಟು ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಎಚ್‌ಪಿ ನೋಡಿ ಏನೂ ಪ್ರಯೋಜನವಿಲ್ಲ.

ತೇಲುವ ಬೋಟು ತಾನೇ ಎಬ್ಬಿಸಿದ ಅಲೆಯ ಗುಂಡಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಅದರ ವೇಗದ ಮಿತಿ ಉದ್ದದ ಮೇಲೆ ನಿಂತಿದೆ: ನೀರಿಗೆ ತಾಗಿದ ಭಾಗದ ಉದ್ದವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.5ರಿಂದ ಗುಣಿಸಿದರೆ ಕಿ.ಮೀ. ಲೆಕ್ಕ ಸಿಗುತ್ತದೆ. 4 ಮೀ. ದೋಣಿಗೆ 9 ಕಿ.ಮೀ., 9 ಮೀ. ದೋಣಿಗೆ 13.5 ಕಿ.ಮೀ. ಇನ್ನೊಂದು ಎಂಜಿನ್ ಕಟ್ಟಿದರೂ ಹಿಂಭಾಗ ನೀರಲ್ಲಿ ಕೂರುತ್ತದೆ, ಮೂತಿ ಆಕಾಶ ನೋಡುತ್ತದೆ, ಪೆಟ್ರೋಲ್ ಹೋಗುತ್ತದೆ, ಅಷ್ಟೇ. ಪೆಡಲ್ ಬೋಟು 5–6 ಕಿ.ಮೀ. ತೆಪ್ಪಕ್ಕಂತೂ ಮೂತಿಯೇ ಇಲ್ಲ, ಅದನ್ನು ಈ ಲೆಕ್ಕದಿಂದ ಬಿಟ್ಟುಬಿಡಿ.

ಜಾರುವ ಬೋಟಿನ ಅಡಿಭಾಗ ಹಿಂದಕ್ಕೆ ಚಪ್ಪಟೆ ಇರುತ್ತದೆ. ಒಂದು ಹಂತದಲ್ಲಿ ಅಲೆಯ ಗುಡ್ಡ ಹತ್ತಿ ಮೇಲೆ ಬರುತ್ತದೆ. ಆಮೇಲೆ ಎಳೆತ ಕಡಿಮೆಯಾಗಿ ವೇಗ ಜಿಗಿಯುತ್ತದೆ. ಇದಕ್ಕೇ ಪ್ಲೇನಿಂಗ್ ಅನ್ನುವುದು. ನಿಮ್ಮ 16 ಅಡಿ ಬೋಟು ಈ ಜಾತಿಯದು. ಇಬ್ಬರು ಕೂತರೆ 40 ಎಚ್‌ಪಿಗೆ 48–50 ಕಿ.ಮೀ. ಬರುತ್ತದೆ. ಆರು ಜನಕ್ಕೆ 60 ಎನ್ನುವುದು ಸುಳ್ಳು.

ಗುಂಡಿ ಒತ್ತಿ ನೋಡು

ಹಾಗಾದರೆ 80 ಎಚ್‌ಪಿ ಹಾಕಿಸಿದರಾಯಿತಲ್ಲ. ಎಂಜಿನ್ ಎರಡರಷ್ಟಾದರೆ ವೇಗವೂ ಎರಡರಷ್ಟು.

ಲೆಕ್ಕದ ಮೇಷ್ಟ್ರು (ತುಮಕೂರು)

ಹಾಗಾಗುವುದಿಲ್ಲ. ಜಾರುವ ಬೋಟಿಗೆ ಎಚ್‌ಪಿ ಎರಡರಷ್ಟಾದರೆ ವೇಗ 1.4ರಷ್ಟು ಮಾತ್ರ, ಅದೂ ತೂಕ ಹೆಚ್ಚದಿದ್ದರೆ. 80 ಎಚ್‌ಪಿ ಎಂಜಿನ್ ತಾನೇ ಹೆಚ್ಚು ಭಾರ, ಜೊತೆಗೆ ಬೋಟಿನ ಹಿಂಗೋಡೆಗೆ ಒತ್ತಿರುವ ತಗಡಿನ ಮೇಲೆ ಗರಿಷ್ಠ ಎಚ್‌ಪಿ ಬರೆದಿರುತ್ತದೆ. ಅದನ್ನು ಮೀರಿದರೆ ಇನ್ಶೂರೆನ್ಸ್‌ನವರು ಕೈ ತೊಳೆದುಕೊಳ್ಳುತ್ತಾರೆ.

ಬೋಟು ಕಟ್ಟುವವರು ಬಳಸುವ ಕ್ರೌಚ್ ಸೂತ್ರವನ್ನು ನಮ್ಮ ಕಿಲೋ, ಕಿಲೋಮೀಟರಿಗೆ ತಿರುಗಿಸಿ ಕೊಡುತ್ತೇನೆ. ಬೋಟು, ಎಂಜಿನ್, ಪೆಟ್ರೋಲ್, ಜನ, ಎಲ್ಲ ಸೇರಿದ ತೂಕವನ್ನು ಎಚ್‌ಪಿಯಿಂದ ಭಾಗಿಸಿ. ವರ್ಗಮೂಲ ತೆಗೆಯಿರಿ. ಪ್ರೊಪೆಲ್ಲರ್ ಇರುವ ಸಾಮಾನ್ಯ ಫೈಬರ್ ಬೋಟಿಗೆ 195ನ್ನು ಅದರಿಂದ ಭಾಗಿಸಿದರೆ ವೇಗ.

ಬೋಟು 350 ಕೆ.ಜಿ., ಎಂಜಿನ್ 95, ಪೆಟ್ರೋಲ್ 25, ಇಬ್ಬರು 150. ಒಟ್ಟು 620. 40ರಿಂದ ಭಾಗಿಸಿದರೆ 15.5, ವರ್ಗಮೂಲ 3.94. 195 ÷ 3.94 = 49. ಔಟ್‌ಬೋರ್ಡ್ 40 ಹೇಳಿದ ಅಂಕಿಯೇ ಬಂತು. ಆರು ಜನ ಕೂತರೆ ಒಟ್ಟು 920 ಕೆ.ಜಿ., ವೇಗ 41ಕ್ಕೆ ಇಳಿಯಿತು.

ಜೆಟ್ ಸ್ಕೀಗೆ 195ರ ಬದಲು 145 ಇಟ್ಟು ನೋಡಿ. ಪಂಪಿನಲ್ಲಿ ಒಂದಿಷ್ಟು ಶಕ್ತಿ ಸೋರಿಹೋಗುತ್ತದೆ, ಅದಕ್ಕೆ. ಸವಾರ, ಪೆಟ್ರೋಲ್ ಸೇರಿ 300 ಕೆ.ಜಿ.ಯ 60 ಎಚ್‌ಪಿ ಗಾಡಿಗೆ 65, 90 ಎಚ್‌ಪಿಗೆ 79. ಹಿಂದೆ ಇನ್ನೊಬ್ಬರು, 70 ಕೆ.ಜಿ.ಯವರು ಕೂತರೆ 60 ಎಚ್‌ಪಿ ಗಾಡಿ 58ಕ್ಕೆ ಬರುತ್ತದೆ. ಇದು ಅಂದಾಜಿನ ಲೆಕ್ಕವೇ, ಆದರೆ ಮಾರುವವರ ಬಾಯಿ ಕಟ್ಟಲು ಸಾಕು.

ಇನ್ನೊಂದು ವಿಷಯ. ನಾವಿರುವುದು ಸಮುದ್ರದ ಮಟ್ಟದಲ್ಲಲ್ಲ. ತುಮಕೂರು, ಕೋಲಾರ 800 ಮೀಟರಿನ ಮೇಲಿವೆ, ಚಿಕ್ಕಬಳ್ಳಾಪುರ 900ರ ಆಸುಪಾಸು. ಅಷ್ಟು ಎತ್ತರದಲ್ಲಿ ಗಾಳಿ ಸುಮಾರು 8% ತೆಳು. ಸೂಪರ್‌ಚಾರ್ಜರ್, ಟರ್ಬೊ ಇಲ್ಲದ ಎಂಜಿನ್ ಹೆಚ್ಚೂಕಡಿಮೆ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಮಲ್ಪೆಯಲ್ಲಿ 40 ಎಚ್‌ಪಿ ಇದ್ದದ್ದು ನಿಮ್ಮ ಕೆರೆಯಲ್ಲಿ 36.8. ಹಾಗಾಗಿ ಆರು ಜನ ಕೂತ ಬೋಟು 41 ಅಲ್ಲ, 39. ಎರಡು ಕಿ.ಮೀ. ಹೋದರೆ ಹೋಗಲಿ ಅನ್ನಬಹುದು. ಪೆಟ್ಟು ಬೀಳುವುದು ಗರಿಷ್ಠ ವೇಗಕ್ಕಲ್ಲ, ಮೇಲೆದ್ದು ಜಾರುವ ಆ ಹಂತಕ್ಕೆ.

ಔಟ್‌ಬೋರ್ಡ್ 40

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಕರಾವಳಿಯಿಂದ ತಂದ ಬೋಟು ಇಲ್ಲಿ "ಏಳುತ್ತಿಲ್ಲ" ಅಂತ ದೂರು ಬರುವುದು ಇದಕ್ಕೇ. ಮದ್ದು ಎಂಜಿನ್ ಬದಲಿಸುವುದಲ್ಲ, ಫ್ಯಾನ್, ಅಂದರೆ ಪ್ರೊಪೆಲ್ಲರ್, ಬದಲಿಸುವುದು.

ಪ್ರೊಪೆಲ್ಲರ್ ಮೇಲೆ ಎರಡು ಅಂಕಿ ಕೊರೆದಿರುತ್ತಾರೆ, ವ್ಯಾಸ ಮತ್ತು ಪಿಚ್, ಎರಡೂ ಇಂಚಿನಲ್ಲಿ. ಪಿಚ್ ಅಂದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬುದು. ಸ್ಕ್ರೂ ಮರದೊಳಗೆ ಇಳಿದ ಹಾಗೆ. ನೀರು ಮರವಲ್ಲವಲ್ಲ, ಸ್ವಲ್ಪ ಜಾರುತ್ತದೆ. ಹಗುರ ಬೋಟಿಗೆ 10–15%, ಭಾರ ಹೆಚ್ಚಿದರೆ 20%.

ಲೆಕ್ಕ ಹೀಗೆ: ಎಂಜಿನ್ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ÷ ಗೇರ್ ಅನುಪಾತ (ಫ್ಯಾನ್ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತು) × ಪಿಚ್ × 0.001524. ಎಂಜಿನ್ 5500, ಅನುಪಾತ 2, ಪಿಚ್ 13 ಇದ್ದರೆ 54.5 ಕಿ.ಮೀ. ಜಾರಿಕೆ 10% ಕಳೆದರೆ 49. ನಿಮ್ಮ ಕೊಟೇಶನ್‌ನ ‘60’ ಬಹುಶಃ 6000 ಆರ್‌ಪಿಎಂ ಹಾಕಿ, ಜಾರಿಕೆ ಕಳೆಯದೆ ಬರೆದದ್ದು. ಖಾಲಿ ಬೋಟೂ ಅಷ್ಟು ಹೋಗುವುದಿಲ್ಲ.

ಆರು ಜನ ಕೂರಿಸಿ ಪೂರ್ತಿ ಥ್ರಾಟಲ್ (ಎಕ್ಸಲರೇಟರ್) ಕೊಟ್ಟಾಗ ಟ್ಯಾಕೋಮೀಟರ್ (ಆರ್‌ಪಿಎಂ ತೋರಿಸುವ ಮೀಟರ್) 4800ರಲ್ಲೇ ನಿಂತರೆ ಎಂಜಿನ್ ಉಸಿರುಗಟ್ಟುತ್ತಿದೆ ಅಂತ ಅರ್ಥ. ಈ ಗಾತ್ರದ ಫೋರ್‌ಸ್ಟ್ರೋಕ್‌ಗೆ ಸಾಮಾನ್ಯವಾಗಿ 5000–6000ದ ನಡುವೆ ತಲುಪಲೇಬೇಕು ಅಂತ ಕೈಪಿಡಿಯಲ್ಲಿ ಇರುತ್ತದೆ. ಪಿಚ್ ಒಂದು ಇಂಚು ಇಳಿಸಿದರೆ 150–200 ಆರ್‌ಪಿಎಂ ಏರುತ್ತದೆ. 13ರಿಂದ 11ಕ್ಕೆ ಬಂದರೆ 5200. ಗರಿಷ್ಠ ವೇಗ ಮೊದಲಿನಷ್ಟೇ ಇರುತ್ತದೆ, 38–39. ಆದರೆ ಬೋಟು ತಡಕಾಡದೆ ಏಳುತ್ತದೆ, ಎಂಜಿನ್ ಬಿಸಿಯೇರುವುದಿಲ್ಲ, ಪೆಟ್ರೋಲೂ ಉಳಿಯುತ್ತದೆ.

ಒಂದು ಎಚ್ಚರ: ಅದೇ 11 ಪಿಚ್ ಇಟ್ಟುಕೊಂಡು ಇಬ್ಬರೇ ಕೂತು ಪೂರ್ತಿ ಥ್ರಾಟಲ್ ಎಳೆದರೆ 6000ದ ಹತ್ತಿರ ಹೋಗಿ ರೆವ್ ಲಿಮಿಟರ್‌ಗೆ (ಎಂಜಿನ್ ಮಿತಿಮೀರಿ ತಿರುಗದಂತೆ ತಡೆಯುವ ಕಡಿವಾಣ) ತಾಗಬಹುದು. ಜನ ಕಡಿಮೆ ಇದ್ದಾಗ ಮುಕ್ಕಾಲು ಥ್ರಾಟಲ್ ಅಷ್ಟೇ ಅಂತ ಡ್ರೈವರ್‌ಗೆ ಹೇಳಿಡಿ.

ಎಂಜಿನ್ ಕೂರಿಸುವ ಎತ್ತರ ಇನ್ನೊಂದು ತಾಪತ್ರಯ. ಫ್ಯಾನಿನ ಮೇಲೆ ಒಂದು ಚಪ್ಪಟೆ ರೆಕ್ಕೆ ಇರುತ್ತದಲ್ಲ, ಅದು ಬೋಟಿನ ತಳದ ಸಮಕ್ಕೆ ಬರಬೇಕು, ಹೆಚ್ಚೆಂದರೆ 25 ಮಿ.ಮೀ. ಮೇಲೆ. ತುಂಬಾ ಕೆಳಗಿದ್ದರೆ ಎಳೆತ ಹೆಚ್ಚು, ಮೇಲಿದ್ದರೆ ತಿರುವಿನಲ್ಲಿ ಗಾಳಿ ಕುಡಿದು ಎಂಜಿನ್ ಕಿರುಚುತ್ತದೆ, ಬೋಟು ಮುಂದೆ ಹೋಗುವುದಿಲ್ಲ. 15 ಇಂಚಿನ ಶಾಫ್ಟ್ (ಎಂಜಿನ್ ಕಾಲು) ಬೇಕಾದ ಕಡೆ 20 ಇಂಚಿನದು ತಂದು ಸಿಕ್ಕಿಸುವವರೂ ಇದ್ದಾರೆ. ಕೊಟೇಶನ್‌ನಲ್ಲಿ ಶಾಫ್ಟ್ ಉದ್ದ ಬರೆಸಿಕೊಳ್ಳಿ.

ಬಲೆ ಮತ್ತು ಬುಟ್ಟಿ (ಬೇತಮಂಗಲ)

ಎಲ್ಲಾ ಸರಿ ಸ್ವಾಮಿ. ಕೆರೆಯ ಅಂಗಳದಲ್ಲಿ ಏನಿದೆ ಅಂತ ಯಾರಾದರೂ ಕೇಳಿದಿರಾ?

ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ವರ್ಷಗಟ್ಟಲೆ ಒಣಗಿ ಬಿದ್ದಿದ್ದವು. ಅಂಗಳ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. 2018ರಲ್ಲಿ ಕೋಲಾರದ ಕಡೆ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು) ಬಂತು, ಒಳ್ಳೆ ಮಳೆಗಾಲಗಳೂ ಬಂದವು, ಕೆರೆ ತುಂಬಿದವು. ಜಾಲಿ ಕಡಿದ ಕಡೆ ಮೊಂಡು ಬೊಡ್ಡೆ ಉಳಿದಿದೆ, ಕಡಿಯದ ಕಡೆ ಇಡೀ ಗಿಡವೇ ನೀರಿನೊಳಗೆ ಸತ್ತು ನಿಂತಿದೆ. ಮೇಲಿಂದ ನೋಡಿದರೆ ನೀರು ಕನ್ನಡಿ. 40 ಕಿ.ಮೀ.ಯಲ್ಲಿ ಹೋಗುವ ಬೋಟಿನ ಎಂಜಿನ್ ಕಾಲಿಗೆ ಅಂಥ ಬೊಡ್ಡೆ ತಾಗಿದರೆ ಗೇರ್‌ಕೇಸ್ ಸೀಳುತ್ತದೆ, ಕೂತವರು ಮುಂದಕ್ಕೆ ಹಾರುತ್ತಾರೆ.

ಕೆರೆಯಲ್ಲಿ ಮೀನಿನ ಗುತ್ತಿಗೆ ಇದ್ದರೆ ಬಲೆಯೂ ಇರುತ್ತದೆ. ಸಂಜೆ ಕಟ್ಟಿ ಬೆಳಿಗ್ಗೆ ಎತ್ತುತ್ತಾರೆ, ಕೆಲವರು ಹಗಲಲ್ಲೂ ಬಿಟ್ಟಿರುತ್ತಾರೆ. ನೈಲಾನ್ ದಾರ ಫ್ಯಾನಿನ ಹಿಂದಿನ ಶಾಫ್ಟಿಗೆ ಸುತ್ತಿಕೊಂಡರೆ ಆಯಿಲ್ ಸೀಲ್ ಕತ್ತರಿಸಿಹೋಗುತ್ತದೆ. ಮೇಲಿನ ಬಲೆ ಬಿಡಿಸಿದ ಮೇಲೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಫ್ಯಾನ್ ಬಿಚ್ಚಿ ಒಳಗಿನ ಎಳೆ ತೆಗೆಯಬೇಕು, ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದೆಯಾ ಅಂತ ನೋಡಬೇಕು. ತಿರುಗಿದ್ದರೆ ನೀರು ಒಳಗೆ ಹೋಗಿದೆ.

ಕೆರೆದಂಡೆ (ಚಿಕ್ಕಬಳ್ಳಾಪುರ)

ಜಾಲಿ ಬೊಡ್ಡೆಯ ವಿಷಯ ತಲೆಗೇ ಬಂದಿರಲಿಲ್ಲ ಅಣ್ಣ. ಜೆಟ್ ಸ್ಕೀಗೆ ಹೊರಗೆ ಫ್ಯಾನ್ ಇಲ್ಲವಲ್ಲ, ಹಾಗಾದರೆ ಅದೇ ಕ್ಷೇಮ ಅಲ್ಲವೇ?

ಇಂಪೆಲರ್ ರಿಪೇರಿ

ಕೆಳಗೆ ಚಾಚಿಕೊಂಡ ಕಾಲಿಲ್ಲ, ಅದು ನಿಜ. ಆದರೆ ಜೆಟ್ ಸ್ಕೀ ಎಂದರೆ ತಳದಲ್ಲಿ ಬಾಯಿ ತೆರೆದ ಪಂಪ್‌ಸೆಟ್. ಏನಿದ್ದರೂ ಒಳಗೆ ಎಳೆದುಕೊಳ್ಳುತ್ತದೆ. ಅಂತರಗಂಗೆಯ ಬೇರು, ಪಾಚಿ, ಪ್ಲಾಸ್ಟಿಕ್ ಕವರ್, ಬಲೆ ಚೂರು, ಮರಳು.

ವೇಗ ಬೀಳುವ ಮುಖ್ಯ ಜಾಗ ಎಲ್ಲಿದೆ ಅಂದರೆ, ಇಂಪೆಲರ್ (ಪಂಪಿನೊಳಗೆ ತಿರುಗುವ ಫ್ಯಾನ್) ಸುತ್ತ ಒಂದು ವೇರ್ ರಿಂಗ್ ಇರುತ್ತದೆ. ಅದಕ್ಕೂ ಇಂಪೆಲರ್ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು. ಮರಳು, ಕಲ್ಲುಚೂರು ಹೋದರೆ ಆ ರಿಂಗ್ ಗೀರಿ ಸವೆಯುತ್ತದೆ. ಸಂದು 1 ಮಿ.ಮೀ. ಹತ್ತಿರ ಬಂದರೆ ಪಿಕಪ್ ಹೋಯಿತು. ಲಕ್ಷಣ ಗುರುತಿಸುವುದು ಸುಲಭ. ಥ್ರಾಟಲ್ ಒತ್ತಿದ ಕೂಡಲೇ ಆರ್‌ಪಿಎಂ ಜಿಗಿಯುತ್ತದೆ, ಗಾಡಿ ಹಿಂದೆ ಉಳಿಯುತ್ತದೆ, ಸವೆದ ಕ್ಲಚ್ಚಿನ ಬೈಕಿನ ಹಾಗೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನಾಲ್ಕು ಕಡೆ ಅಳೆಯಿರಿ. ಇಂಪೆಲರ್ ಅಂಚು ಮಡಚಿದ್ದರೆ ತಿದ್ದಿಸಬಹುದು, ರಿಂಗ್ ಬದಲಿಸಲೇಬೇಕು.

ಇದೇ ಲಕ್ಷಣ ಹುಲ್ಲು ಸಿಕ್ಕಿದಾಗಲೂ ಬರುತ್ತದೆ, ಹಾಗಾಗಿ ಮೊದಲು ತಳದ ಜಾಲರಿ ನೋಡಿ. ಎಂಜಿನ್ ಆಫ್ ಮಾಡಿ, ಕಿಲ್ ಕಾರ್ಡ್ (ಕಿತ್ತರೆ ಎಂಜಿನ್ ನಿಲ್ಲಿಸುವ ದಾರ) ಕೈಯಲ್ಲಿ ಹಿಡಿದುಕೊಂಡು, ಆಮೇಲೆ ಕೈ ಹಾಕುವುದು. ಎಂಜಿನ್ ಓಡುತ್ತಿರುವಾಗ ಜಾಲರಿಗೆ ಕೈ ಹಾಕಬಾರದು, ಉದ್ದ ಕೂದಲು, ದುಪಟ್ಟಾ ಹತ್ತಿರ ಸುಳಿಯಬಾರದು.

ಆಳ: ತಳದ ಕೆಳಗೆ 90 ಸೆಂ.ಮೀ. ನೀರಿಲ್ಲದೆ ಥ್ರಾಟಲ್ ಕೊಡಬೇಡಿ ಅಂತ ಸೀ-ಡೂ ಕೈಪಿಡಿಯೇ ಹೇಳುತ್ತದೆ. ನಮ್ಮ ಕೆರೆಗಳಲ್ಲಿ ಹೂಳು ಮೆತ್ತಗಿರುವುದರಿಂದ ನಾನು 1.5 ಮೀ. ಅಂತೀನಿ. ದಡದಿಂದ ಹೊರಡುವಾಗ ಗಾಡಿಯನ್ನು ತಳ್ಳಿಕೊಂಡು ಎದೆಮಟ್ಟದ ನೀರಿಗೆ ಹೋಗಿ ಸ್ಟಾರ್ಟ್ ಮಾಡಿ, ಆ ಆಳ ಸಿಗುವವರೆಗೆ ಥ್ರಾಟಲ್ ಕೊಡದೆ ನಿಧಾನವಾಗಿ ಹೋಗುವುದು. ದಡದಲ್ಲೇ ಸ್ಟಾರ್ಟ್ ಮಾಡಿದರೆ ಮೊದಲ ತಿಂಗಳಲ್ಲೇ ವೇರ್ ರಿಂಗ್ ಖತಂ.

ಕೂಲಿಂಗ್: ಯಮಹಾ, ಕವಾಸಾಕಿ ಎಂಜಿನ್‌ಗಳು ಕೆರೆಯ ನೀರನ್ನೇ ಎಳೆದು ತಂಪಾಗುತ್ತವೆ. ಸೀ-ಡೂ ಎಂಜಿನ್‌ಗೆ ಕಾರಿನ ಹಾಗೆ ಒಳಗೇ ಸುತ್ತುವ ಕೂಲಂಟ್ ಇದೆ, ಸೈಲೆನ್ಸರ್ ಕಡೆಗೆ ಮಾತ್ರ ಕೆರೆ ನೀರು. ಕೆಸರು ಕೆರೆಗೆ ಎರಡನೆಯದು ಮೇಲು. ಯಾವುದಾದರೂ ಸರಿ, ದಿನದ ಕೊನೆಗೆ ಹೋಸ್ ಹಾಕಿ ತೊಳೆಯಬೇಕು. ಕ್ರಮ ತಪ್ಪಬೇಡಿ: ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು ಬಿಡುವುದು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್ ಆಫ್. ಉಲ್ಟಾ ಮಾಡಿದರೆ ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ತೋರಿಸಿದರೆ: 2000ದ ದಶಕದ ಹಲವು ಸೂಪರ್‌ಚಾರ್ಜರ್ ಸೀ-ಡೂಗಳಲ್ಲಿ ಚಾರ್ಜರ್ ಕ್ಲಚ್ಚಿನ ವಾಷರ್ ಸೆರಾಮಿಕ್‌ನದು. ಅದು ಒಡೆದು ಚೂರು ಆಯಿಲ್ ಜೊತೆ ಎಂಜಿನ್ನೆಲ್ಲ ಸುತ್ತುತ್ತದೆ. ಲೋಹದ ವಾಷರ್‌ಗೆ ಬದಲಿಸಿದ ಬಿಲ್ ಇಲ್ಲದಿದ್ದರೆ ಮುಟ್ಟಬೇಡಿ.

ಗುಂಡಿ ಒತ್ತಿ ನೋಡು

ಇಸಿಯು ಫ್ಲ್ಯಾಶ್ ಮಾಡಿಸಿ (ಪ್ರೋಗ್ರಾಂ ಬದಲಿಸಿ) ವೇಗದ ಲಿಮಿಟರ್ ತೆಗೆಸಿದರೆ? ವಿಡಿಯೋಗಳಲ್ಲಿ ಹಾರಿಕೊಂಡು ಹೋಗ್ತಾರೆ.

ಲೆಕ್ಕದ ಮೇಷ್ಟ್ರು (ತುಮಕೂರು)

ನೀರಿನ ಮೇಲೆ ಹಾರಿಕೊಂಡು ಹೋಗಬೇಕು ಅಂದರೆ ದಾರಿಗಳಿವೆ. 1978ರ ಅಕ್ಟೋಬರ್ 8ರಂದು ಕೆನ್ ವಾರ್ಬಿ ಆಸ್ಟ್ರೇಲಿಯಾದ ಬ್ಲೋವರಿಂಗ್ ಜಲಾಶಯದಲ್ಲಿ ತಾನೇ ಕಟ್ಟಿದ ‘ಸ್ಪಿರಿಟ್ ಆಫ್ ಆಸ್ಟ್ರೇಲಿಯಾ’ ಬೋಟನ್ನು ಗಂಟೆಗೆ 511 ಕಿ.ಮೀ. ಓಡಿಸಿದರು. ಜೆಟ್ ವಿಮಾನದ ಎಂಜಿನ್. 2018ರ ನವೆಂಬರಿನಲ್ಲಿ ನಮ್ಮ ಪಕ್ಕದ ಅಮರಾವತಿಯಲ್ಲಿ, ಕೃಷ್ಣಾ ನದಿಯಲ್ಲಿ, ಫಾರ್ಮುಲಾ ಒನ್ ಪವರ್‌ಬೋಟ್ ರೇಸು ನಡೆದಿತ್ತು. ಅವು 200 ಕಿ.ಮೀ. ದಾಟುತ್ತವೆ. ಡ್ರೈವರ್ ಕಾಕ್‌ಪಿಟ್ ಒಳಗೆ ಬೆಲ್ಟ್ ಹಾಕಿ ಕೂತಿರುತ್ತಾನೆ, ದಡದಲ್ಲಿ ಮುಳುಗುಗಾರರು ಕಾದಿರುತ್ತಾರೆ.

ಈಗ 1.2 ಕಿ.ಮೀ. ಕೆರೆಗೆ ಬನ್ನಿ. 108 ಕಿ.ಮೀ. ಅಂದರೆ ಸೆಕೆಂಡಿಗೆ 30 ಮೀಟರ್. ಎರಡೂ ತುದಿಯಲ್ಲಿ 150 ಮೀ. ಬಿಟ್ಟರೆ ಉಳಿಯುವ 900 ಮೀ. ಮೂವತ್ತು ಸೆಕೆಂಡಿನಲ್ಲಿ ಮುಗಿಯಿತು. ಬ್ರೇಕ್ ಇಲ್ಲದ ಗಾಡಿ ಆ ವೇಗದಿಂದ ತಾನಾಗಿ ನಿಲ್ಲಲು ಸುಮಾರು ನೂರು ಮೀಟರ್ ತಿನ್ನುತ್ತದೆ. ಲಿಮಿಟರ್ ತೆಗೆದು ಎಲ್ಲಿಗೆ ಹೋಗುತ್ತೀರಿ, ಕೋಡಿ ಹಾರಿ ಗದ್ದೆಗಾ?

ಇಂಪೆಲರ್ ರಿಪೇರಿ

ನಿಲ್ಲಿಸುವುದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಜೀವ ಹೋಗುವುದು ಇಲ್ಲೇ. ಜೆಟ್ ಸ್ಕೀಗೆ ಚುಕ್ಕಾಣಿ ಇಲ್ಲ. ಹಿಂದೆ ಚಿಮ್ಮುವ ನೀರಿನ ದಿಕ್ಕು ತಿರುಗಿದರೆ ಮಾತ್ರ ಗಾಡಿ ತಿರುಗುತ್ತದೆ. ಎದುರಿಗೆ ಏನೋ ಕಂಡಾಗ ಹೊಸಬರು ಗಾಬರಿಯಲ್ಲಿ ಥ್ರಾಟಲ್ ಪೂರ್ತಿ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾರೆ. ಸ್ಕೂಟರಿನ ಅಭ್ಯಾಸ. ನೀರು ಚಿಮ್ಮುವುದು ನಿಂತ ಮೇಲೆ ಹ್ಯಾಂಡಲ್ ಬರೀ ಅಲಂಕಾರ, ಗಾಡಿ ನೇರವಾಗಿ ಹೋಗಿ ಗುದ್ದುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಹ್ಯಾಂಡಲ್ ತಿರುಗಿಸಿ ಸ್ವಲ್ಪ ಥ್ರಾಟಲ್ ಕೊಡಬೇಕು. ಜನರಿಗೆ ಗಾಡಿ ಕೊಡುವ ಮುಂಚೆ ದಡದ ಹತ್ತಿರ ನಡಿಗೆ ವೇಗದಲ್ಲಿ ಇದನ್ನು ಐದು ಸಲ ಮಾಡಿಸಿ.

ಸೀ-ಡೂದಲ್ಲಿ 2009ರಿಂದ ಐಬಿಆರ್ ಎಂಬ ಬ್ರೇಕ್ ಬಂದಿದೆ. ನಳಿಕೆಯ ಮುಂದೆ ಬಟ್ಟಲಿನಂಥ ಮುಚ್ಚಳ ಇಳಿದು ನೀರನ್ನು ಮುಂದಕ್ಕೆ ತಳ್ಳುತ್ತದೆ. ಯಮಹಾದಲ್ಲಿ ರೈಡ್ ಅಂತ ಅದೇ ಥರದ್ದು. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇದು ಇರುವುದಿಲ್ಲ, ಸ್ಪಾರ್ಕ್‌ನಲ್ಲೂ ಇಲ್ಲದ ಮಾದರಿ ಇದೆ. ಬಾಡಿಗೆಗೆ ಬಿಡುವುದಾದರೆ ಬ್ರೇಕ್ ಇರುವುದನ್ನೇ ಕೇಳಿ. ಜೊತೆಗೆ ಲರ್ನಿಂಗ್ ಕೀ ಸಿಗುತ್ತದೆ, ಅದು ವೇಗವನ್ನು ಕಟ್ಟಿಹಾಕುತ್ತದೆ. ಹಿಂದೆ ಕೂತವರು ಜಾರಿ ಬಿದ್ದರೆ ಚಿಮ್ಮುವ ನೀರಿನ ಹೊಡೆತಕ್ಕೆ ಕೆಳಹೊಟ್ಟೆಗೆ ಭಾರಿ ಗಾಯವಾಗುತ್ತದೆ. ಲುಂಗಿ, ತೆಳು ಚಡ್ಡಿ ಬೇಡ, ದಪ್ಪ ನಿಯೋಪ್ರೀನ್ (ರಬ್ಬರಿನಂಥ ಬಟ್ಟೆ) ಚಡ್ಡಿ ಹಾಕಿಸಿ. ಮುಂದಿನವರ ಸೊಂಟ ಹಿಡಿಸಿ ಕೂರಿಸಿ.

ಏರಿ ಕಾವಲು

ಎಲ್ಲರೂ ವೇಗ ಹೆಚ್ಚಿದರೆ ಅಪಾಯ ಅಂತಿದ್ದೀರಿ. ಕೆರೆ ಏರಿಗೆ ನಡುವಿನ ವೇಗವೇ ಶತ್ರು.

ಆಳ ಕಡಿಮೆ ಇರುವ ನೀರಿನಲ್ಲಿ ಅಲೆಗೆ ಒಂದು ಗರಿಷ್ಠ ವೇಗವಿದೆ. ಆಳ ಮೀಟರಿನಲ್ಲಿ, ಅದರ ವರ್ಗಮೂಲ × 11.3 ಕಿ.ಮೀ. ನಿಮ್ಮ 2 ಮೀ. ನೀರಿಗೆ 16 ಕಿ.ಮೀ. ಬೋಟು ಆ ವೇಗದ ಹತ್ತಿರ ಓಡಿದರೆ ಅಲೆ ಬೋಟಿನ ಜೊತೆಗೇ ಗುಡ್ಡೆ ಕಟ್ಟಿಕೊಂಡು ಬರುತ್ತದೆ. ಹಿಂಭಾಗ ಕುಸಿದು ತಳ ಕೆಸರಿಗೆ ಹತ್ತಿರವಾಗುತ್ತದೆ. ಆ ಅಲೆ ಏರಿಯ ಕಲ್ಲುಕಟ್ಟಡಕ್ಕೆ ಬಡಿದು, ಕಲ್ಲಿನ ಸಂದಿನ ಮಣ್ಣು ಎಳೆದುಕೊಂಡು ವಾಪಸ್ ಹೋಗುತ್ತದೆ. ದಿನಕ್ಕೆ ಐವತ್ತು ರೌಂಡ್ ಅಂದರೆ ಲೆಕ್ಕ ಹಾಕಿ. ನಮ್ಮವು ಮಣ್ಣಿನ ಏರಿಗಳು, ಕಾಂಕ್ರೀಟ್ ಅಣೆಕಟ್ಟಲ್ಲ.

ಅದರಿಂದ ಎರಡೇ ವೇಗ ಇಟ್ಟುಕೊಳ್ಳಿ. 8 ಕಿ.ಮೀ. ಒಳಗೆ, ಇಲ್ಲವೇ 25ರ ಮೇಲೆ. ನಡುವಿನದನ್ನು ಬೇಗ ದಾಟಬೇಕು, ಅದನ್ನೂ ಕೆರೆಯ ನಡುವೆಯೇ. ಔಟ್‌ಬೋರ್ಡ್ 40 ಅವರು ಹೇಳಿದ ಸಣ್ಣ ಪಿಚ್ ಇಲ್ಲಿ ಕೆಲಸಕ್ಕೆ ಬರುತ್ತದೆ, ಬೋಟು ಬೇಗ ಏಳುತ್ತದೆ. ಏರಿ, ತೂಬು, ಕೋಡಿಯಿಂದ 100 ಮೀ. ದೂರಕ್ಕೆ ತೇಲುವ ಡ್ರಮ್ಮುಗಳ ಸಾಲು ಕಟ್ಟಿ, ಒಳಗೆ ಎಂಜಿನ್ ಬೋಟು ಬರಕೂಡದು.

ಇನ್ನೊಂದು, ಕೆರೆ ಕುಡಿಯುವ ನೀರಿನದಾದರೆ ಈ ಚರ್ಚೆಯನ್ನೇ ನಿಲ್ಲಿಸಿ. ತುಮಕೂರಿಗೆ ಬುಗುಡನಹಳ್ಳಿ, ನಿಮಗೆ ಜಕ್ಕಲಮಡಗು, ಇಂಥ ಕಡೆ ಪೆಟ್ರೋಲ್ ಎಂಜಿನ್ ಯೋಚಿಸಲೂಬಾರದು. ಬೇರೆ ಕೆರೆಯಲ್ಲೂ ಹಳೆ ಟೂ-ಸ್ಟ್ರೋಕ್ ಬೇಡ. ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಕುಡಿದ ಪೆಟ್ರೋಲಿನ ಕಾಲು ಭಾಗ ಉರಿಯದೆ ಆಯಿಲ್ ಸಮೇತ ನೀರಿಗೇ ಹೋಗುತ್ತದೆ.

ಕಾಗದಪತ್ರ: ಎಂಜಿನ್ ಇರುವ ಬೋಟಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಸರ್ವೆ, ನೋಂದಣಿ, ಇನ್ಶೂರೆನ್ಸ್ ಬೇಕು. ಕೆರೆ ಯಾವ ಇಲಾಖೆಯದೋ ಅವರ ಅನುಮತಿ ಬೇರೆ.

ಕೆರೆದಂಡೆ (ಚಿಕ್ಕಬಳ್ಳಾಪುರ)

ನಮ್ಮದು ಕುಡಿಯುವ ನೀರಿನ ಕೆರೆ ಅಲ್ಲ ಸಾರ್. 300 ಎಚ್‌ಪಿ ಗಾಡಿ ಕೈಬಿಟ್ಟೆವು ಅಂದುಕೊಳ್ಳಿ. ಪೆಟ್ರೋಲ್ ಖರ್ಚು ಎಷ್ಟು ಹಿಡಿಯಬೇಕು? ಕೊಟೇಶನ್‌ನವರ ವೇಗವನ್ನು ನಾವೇ ಅಳೆಯುವುದು ಹೇಗೆ? ಗಾಡಿಯ ಮೀಟರ್ ನಂಬಬಹುದಾ?

ಔಟ್‌ಬೋರ್ಡ್ 40

ಪೂರ್ತಿ ಥ್ರಾಟಲ್‌ನಲ್ಲಿ ಫೋರ್‌ಸ್ಟ್ರೋಕ್ ಎಂಜಿನ್‌ಗೆ ಎಚ್‌ಪಿ × 0.38 ಲೀಟರ್, ಗಂಟೆಗೆ. 40ಕ್ಕೆ 15 ಲೀ., 60ಕ್ಕೆ 23 ಲೀ. 300ರ ಗಾಡಿ ಈ ಲೆಕ್ಕಕ್ಕೆ ಗಂಟೆಗೆ 114 ಲೀಟರ್ ಕುಡಿಯುತ್ತದೆ, ಹತ್ತು ನಿಮಿಷದ ಸವಾರಿಗೆ ಹತ್ತೊಂಬತ್ತು ಲೀಟರ್. ಅದನ್ನು ಬಿಟ್ಟಿದ್ದು ಒಳ್ಳೆಯದಾಯಿತು. ಜಾರುವ ಬೋಟನ್ನು ಮುಕ್ಕಾಲು ಥ್ರಾಟಲ್‌ಗೆ ಇಳಿಸಿದರೆ ಖರ್ಚಿನಲ್ಲಿ ಮೂರನೇ ಒಂದು ಭಾಗದಷ್ಟು ಉಳಿತಾಯವಾಗುತ್ತದೆ.

ಬಂಕಿನಲ್ಲಿ ಈಗ ಸಿಗುವುದು ಹೆಚ್ಚಾಗಿ 20% ಎಥೆನಾಲ್ ಬೆರೆತ ಪೆಟ್ರೋಲ್. ಜೆಟ್ ಸ್ಕೀ, ಔಟ್‌ಬೋರ್ಡ್ ಕೈಪಿಡಿಗಳಲ್ಲಿ ಹೆಚ್ಚಿನವು 10% ದಾಟಬೇಡಿ ಅನ್ನುತ್ತವೆ. ಎಥೆನಾಲ್ ಗಾಳಿಯ ತೇವ ಹೀರಿಕೊಂಡು, ಒಂದು ಮಟ್ಟ ದಾಟಿದ ಮೇಲೆ ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಎಂಜಿನ್ ಮೊದಲು ಎಳೆಯುವುದು ಆ ತಳದ್ದನ್ನೇ. ಎಂಜಿನ್ ಒದರುತ್ತದೆ, ಇಂಜೆಕ್ಟರ್ ಕೆಡುತ್ತದೆ. ಡೀಲರ್ ಹತ್ತಿರ ಇಂಧನದ ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. 10 ಮೈಕ್ರಾನ್‌ನ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಎರಡು ವಾರಕ್ಕಿಂತ ಹೆಚ್ಚು ಬೋಟು ನಿಂತರೆ ಹಳೆ ಪೆಟ್ರೋಲ್ ಖಾಲಿ ಮಾಡಿ.

ಲೆಕ್ಕದ ಮೇಷ್ಟ್ರು (ತುಮಕೂರು)

ಮೀಟರ್ ವಿಷಯ. ತಳದಲ್ಲಿ ಸಣ್ಣ ಚಕ್ರ ತಿರುಗಿಸಿ ಅಥವಾ ನಳಿಕೆಯಲ್ಲಿ ನೀರಿನ ಒತ್ತಡ ಹಿಡಿದು ತೋರಿಸುವ ಮೀಟರ್‌ಗಳು ಸಾಮಾನ್ಯವಾಗಿ 5–10% ಹೆಚ್ಚಿಗೇ ತೋರಿಸುತ್ತವೆ. ಜಿಪಿಎಸ್ ನಂಬಿ. ಮೊಬೈಲ್ ಜಿಪಿಎಸ್ ಸಾಕು, ನೀರು ಹೋಗದ ಕವರಿನಲ್ಲಿ ಹಾಕಿ ಕೊರಳಿಗೆ ಕಟ್ಟಿಕೊಂಡರಾಯಿತು.

ಅದಕ್ಕಿಂತ ನೇರ ದಾರಿ: ಕೆರೆ ನಡುವೆ, ಆಳ ನೋಡಿಕೊಂಡು, 200 ಮೀ. ಅಂತರದಲ್ಲಿ ಎರಡು ಡ್ರಮ್ ಲಂಗರು ಹಾಕಿ. ದಡದಲ್ಲಿ ಪ್ರತಿ ಡ್ರಮ್ಮಿನ ನೇರಕ್ಕೆ ಎರಡೆರಡು ಕೋಲು ನೆಟ್ಟರೆ, ಬೋಟು ಯಾವ ಕ್ಷಣಕ್ಕೆ ದಾಟಿತು ಅಂತ ಗೊಂದಲವಿರುವುದಿಲ್ಲ. 720ನ್ನು ಸೆಕೆಂಡಿನಿಂದ ಭಾಗಿಸಿದರೆ ಕಿ.ಮೀ. 18.5 ಸೆಕೆಂಡ್ ಆದರೆ 39. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅಳೆದು ಎರಡೂ ವೇಗದ ಸರಾಸರಿ ತೆಗೆಯಿರಿ, ಗಾಳಿಯ ಪರಿಣಾಮ ಕಳೆಯುತ್ತದೆ. ಜನರ ಬದಲು 25 ಕೆ.ಜಿ.ಯ ಮರಳು ಚೀಲ ಹಾಕಿ, ತಲೆಗೆ ಮೂರು. ಆರು ಜನಕ್ಕೆ ಹದಿನೆಂಟು, ಅದರಲ್ಲಿ ಡ್ರೈವರ್‌ಗೆ ಮೂರು ಕಳೆಯಿರಿ. ಮರಳನ್ನು ಸೀಟಿನ ಮೇಲೆ ಹರಡಬೇಕು. ಹಿಂದೆ ಗುಡ್ಡೆ ಹಾಕಿದರೆ ಬೋಟು ಏಳುವುದೇ ಇಲ್ಲ, ಆಮೇಲೆ ಮಾರುವವರು ಜಗಳಕ್ಕೆ ಬರುತ್ತಾರೆ.

ಟೆಂಡರಿನಲ್ಲಿ ಗರಿಷ್ಠ ವೇಗ ಬರೆಯಬೇಡಿ. "ಪೂರ್ತಿ ಭಾರದಲ್ಲಿ, ನಿಂತ ಸ್ಥಿತಿಯಿಂದ ಹತ್ತು ಸೆಕೆಂಡಿನೊಳಗೆ ಪ್ಲೇನಿಂಗ್‌ಗೆ ಬರಬೇಕು, ಎಂಜಿನ್ ಕೈಪಿಡಿ ಹೇಳಿದ ಆರ್‌ಪಿಎಂ ಮುಟ್ಟಬೇಕು" ಅಂತ ಬರೆಯಿರಿ. ಪರೀಕ್ಷೆ ನಿಮ್ಮ ಕೆರೆಯಲ್ಲೇ ನಡೆಯಬೇಕು ಅಂತಲೂ ಸೇರಿಸಿ.

ಬಲೆ ಮತ್ತು ಬುಟ್ಟಿ (ಬೇತಮಂಗಲ)

ಪರೀಕ್ಷೆಗೆ ಮುಂಚೆ ಬೊಡ್ಡೆ ಹುಡುಕುವ ಕೆಲಸ ಮುಗಿಸಿ. ಎರಡು ತೆಪ್ಪದ ನಡುವೆ 20 ಮೀ. ಹಗ್ಗ, ನಡುನಡುವೆ ಕಲ್ಲು ಕಟ್ಟಿ, 1.5 ಮೀ. ಆಳಕ್ಕೆ ಇಳಿಬಿಟ್ಟು ನಿಧಾನ ಎಳೆದುಕೊಂಡು ಹೋಗಿ. ತಡೆದ ಕಡೆಯೆಲ್ಲ ಬಿದಿರು ನೆಟ್ಟು ಬಟ್ಟೆ ಕಟ್ಟಿ. ಇಡೀ ಕೆರೆ ಬೇಡ, ಬೋಟು ಓಡುವ ಪಟ್ಟಿ ಮಾತ್ರ. ಕೆರೆ ಬತ್ತಿದಾಗ ಜೆಸಿಬಿ ತಂದು ಬೇರು ಸಮೇತ ಕೀಳಿಸುವುದೇ ಶಾಶ್ವತ ದಾರಿ.

ಬೇಸಿಗೆಯಲ್ಲಿ ನೀರು ಇಳಿದಂತೆ ಇನ್ನೊಮ್ಮೆ ಎಳೆಯಬೇಕು. ಜನವರಿಯಲ್ಲಿ ತಾಗದ ಬೊಡ್ಡೆ ಏಪ್ರಿಲ್‌ನಲ್ಲಿ ತಾಗುತ್ತದೆ. ಮೀನು ಗುತ್ತಿಗೆಯವರ ಹತ್ತಿರ ಬಲೆ ಕಟ್ಟುವ ಜಾಗ ಮೊದಲೇ ಮಾತಾಡಿಕೊಳ್ಳಿ. ಥರ್ಮಾಕೋಲ್ ಚೂರು ಗುರುತಿಗೆ ಸಾಲದು, ಬಿಸಿಲಲ್ಲಿ ನೊರೆಯ ಹಾಗೆ ಕಾಣುತ್ತದೆ. ಕಿತ್ತಳೆ ಬಣ್ಣದ ಐದು ಲೀಟರ್ ಕ್ಯಾನ್ ಕಟ್ಟಿಸಿ.